ಕೆರೆ ಜಮೀನು ಕೊಟ್ಟು ಕೋಟೆ ಜಮೀನು ತಂದದ್ದು

ನಮ್ಮ ಕಡೆ ಮನುಷ್ಯ ಯಾವ ವಿಷಯವನ್ನಾದರೂ ಗಟ್ಟಿಯಾಗಿ ಮಾತಾಡಬಹುದು. ಹೊಟ್ಟೆಯ ಉಬ್ಬರ, ಹೆಂಡತಿಯ ತಂಗಿಯ ಮದುವೆ ಮುರಿದದ್ದು, ಮುಂದಿನ ಚುನಾವಣೆಯಲ್ಲಿ ಯಾರು ಠೇವಣಿ ಕಳೆದುಕೊಳ್ಳುತ್ತಾರೆ ಎಂಬುದು, ಇವೆಲ್ಲವನ್ನೂ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ನಿಂತು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರೂ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಜಮೀನು ಎಂಬ ಮೂರಕ್ಷರವನ್ನು ಪಿಸುಗುಟ್ಟಿ ನೋಡಿ. ನಿದ್ದೆ ಮಾಡುತ್ತಿದ್ದವನ ಕಿವಿ ಕೂಡ ನೆಟ್ಟಗಾಗುತ್ತದೆ. ಕಬ್ಬಿನ ಗದ್ದೆಯ ನಡುವೆ ಹುಟ್ಟಿ ಬೆಳೆದ ನನಗೆ ಇಷ್ಟು ತಿಳಿದಿರಬೇಕಿತ್ತು. ತಿಳಿದಿರಲಿಲ್ಲ ಎನ್ನುವುದಕ್ಕೆ ನನ್ನ ವೃತ್ತಿಯೇ ಕಾರಣವಿರಬಹುದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು ನಾನು. ಇಡೀ ದಿನ ಕಿರುಚಿದರೂ ಯಾರೂ ಕೇಳಿಸಿಕೊಳ್ಳದ ಅಭ್ಯಾಸವಾಗಿಬಿಟ್ಟಿರುತ್ತದೆ. ಕೇಳಿಸಿಕೊಳ್ಳುವವರೂ ಲೋಕದಲ್ಲಿ ಇದ್ದಾರೆ ಎನ್ನುವುದೇ ಮರೆತುಹೋಗಿರುತ್ತದೆ.

ಈ ಪ್ರಸಂಗಕ್ಕೆ ಮೂಲ ನನ್ನ ಗೆಳೆಯ ಇಕ್ಬಾಲ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಶ್ರೀರಂಗಪಟ್ಟಣದ ಕೋಟೆಯೊಳಗೆ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಗಡಿಯಾರ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಅವನ ಭಾಮೈದ ಹಡಗೊಂದರಲ್ಲಿ ಅಡುಗೆಯವನು. ರಜಕ್ಕೆ ಬಂದಾಗಲೆಲ್ಲ ಅಕ್ಕನಿಗೆ ಸೀರೆ, ಭಾವನಿಗೆ ಸೆಂಟು ತರುತ್ತಿದ್ದವನು ಒಂದು ಸಲ ರಟ್ಟಿನ ಡಬ್ಬಿಯ ತುಂಬ ಬಣ್ಣಬಣ್ಣದ ಎಲೆಗಳನ್ನು ತಂದು ಸುರಿದ. ಇಸ್ಪೀಟಿನ ಎಲೆಯಷ್ಟೇ ಗಾತ್ರ. ಆದರೆ ರಾಜ ರಾಣಿಯರ ಬದಲು ಒಂದೊಂದರ ಮೇಲೂ ಒಂದೊಂದು ಚಿತ್ರ: ರೆಕ್ಕೆಯ ಹಾವು, ಮೂರು ತಲೆಯ ನಾಯಿ, ಗಡ್ಡದ ಮಾಂತ್ರಿಕ, ಬೆಟ್ಟ, ಕಾಡು, ಕೆರೆ. ಚಿತ್ರದ ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷು. ಹಡಗಿನ ಯಾರೋ ವಿದೇಶಿ ನಾವಿಕ ಕೆಲಸ ಬಿಟ್ಟು ಹೋಗುವಾಗ ಕೊಟ್ಟದ್ದಂತೆ. ಅವರ ದೇಶದಲ್ಲಿ ಇವನ್ನು ಪೊಟ್ಟಣದಲ್ಲಿ ಮಾರುತ್ತಾರೆ. ಒಳಗೆ ಯಾವ ಎಲೆ ಇದೆ ಎಂದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಬಂದದ್ದನ್ನು ಕೂಡಿಡಬೇಕು, ಬೇಡದ್ದನ್ನು ಸ್ನೇಹಿತರ ಜೊತೆ ಬದಲಾಯಿಸಿಕೊಳ್ಳಬೇಕು, ಹೀಗೆ ತನ್ನದೇ ಒಂದು ಕಟ್ಟು ಮಾಡಿಕೊಂಡು ಇನ್ನೊಬ್ಬನ ಕಟ್ಟಿನ ಮೇಲೆ ಯುದ್ಧ ಮಾಡಬೇಕು. “ಇಂಗ್ಲಿಷ್ ಓದೋನು ನೀನೊಬ್ಬನೇ ನಂಗೆ ಗೊತ್ತಿರೋದು ಯಾರ್. ಏನ್ ಬರ್ದವ್ರೆ ನೋಡು,” ಎಂದು ಇಕ್ಬಾಲ ಡಬ್ಬಿಯನ್ನು ನನ್ನ ಮುಂದೆ ತಳ್ಳಿದ. ನಾನು ನಿಘಂಟು ಹಿಡಿದು ಕೂತೆ. ಅಲ್ಲಿಂದ ಆರು ತಿಂಗಳು ನಮ್ಮಿಬ್ಬರಿಗೂ ಭಾನುವಾರ ಎನ್ನುವುದು ಮನೆಯವರ ಪಾಲಿಗೆ ಇಲ್ಲವಾಯಿತು.

ಆಟದ ಒಳಗುಟ್ಟು ಇಷ್ಟೇ. ಹಾವು, ನಾಯಿ, ಮಾಂತ್ರಿಕರನ್ನು ಯುದ್ಧಕ್ಕೆ ಇಳಿಸಲು ಶಕ್ತಿ ಬೇಕು. ಆ ಶಕ್ತಿ ಹುಟ್ಟುವುದು ಜಮೀನಿನಿಂದ. ಆದ್ದರಿಂದ ಕಟ್ಟಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಮೀನಿನ ಎಲೆಗಳೇ ಇರಬೇಕು. ಜಮೀನು ಸಾಲದಿದ್ದರೆ ಕೈತುಂಬ ಮಾಂತ್ರಿಕರನ್ನು ಹಿಡಿದುಕೊಂಡು ಸುಮ್ಮನೆ ಸಾಯಬೇಕು. ಈ ಜಮೀನುಗಳಲ್ಲಿ ಎರಡು ಜಾತಿ. ಬಯಲಿನಂಥವು ಸಾದಾ ಜಮೀನುಗಳು: ಇಟ್ಟ ತಕ್ಷಣ ಶಕ್ತಿ ಕೊಡುತ್ತವೆ, ಮಿಕ್ಕ ಉಸಾಬರಿ ಅವಕ್ಕಿಲ್ಲ. ಇನ್ನೊಂದು ಜಾತಿ ಉಪಕಾರದ ಜಮೀನುಗಳು. ಇವು ಶಕ್ತಿ ಕೊಡುವುದರಲ್ಲಿ ಸ್ವಲ್ಪ ಜಿಪುಣ, ಇಲ್ಲವೇ ಸೋಮಾರಿ. ಆದರೆ ಜೊತೆಗೆ ಇನ್ನೊಂದು ಸಣ್ಣ ಕೆಲಸ ಮಾಡಿಕೊಡುತ್ತವೆ. ಹಾಳು ಕೋಟೆ ಒಂದು ಏಟನ್ನು ತಡೆಯುತ್ತದೆ. ಕಾವಲು ಗೋಪುರ ಎದುರಾಳಿಯ ಕೈಯಲ್ಲಿ ಏನಿದೆ ಎಂದು ಇಣುಕಿಸುತ್ತದೆ. ಸಮಾಧಿ ಭೂಮಿ ಸತ್ತವನೊಬ್ಬನನ್ನು ಎಬ್ಬಿಸಿ ಕೊಡುತ್ತದೆ. ಕೆರೆ, ತಡವಾಗಿಯಾದರೂ, ಗಾಯ ಮಾಯಿಸುತ್ತದೆ.

ನಾನು ಮೊದಲ ದಿನವೇ ಈ ಉಪಕಾರದ ಜಮೀನುಗಳಿಗೆ ಮನಸೋತೆ. ಒಂದು ವಸ್ತು ಎರಡು ಕೆಲಸ ಮಾಡುತ್ತದೆಂದರೆ ನನಗೆ ಚಿಕ್ಕಂದಿನಿಂದಲೂ ಹುಚ್ಚು. ಮದುವೆಗೆ ಬಂದ ಉಡುಗೊರೆಗಳಲ್ಲಿ ನಾನು ಬಹಳ ಮೆಚ್ಚಿಕೊಂಡದ್ದು ಒಂದು ಚಾಕು. ಅದರಲ್ಲಿ ಕತ್ತರಿ, ಸ್ಕ್ರೂಡ್ರೈವರು, ಬಾಟಲಿಯ ಮುಚ್ಚಳ ತೆಗೆಯುವ ಕೊಕ್ಕೆ, ಕಿವಿಯ ಗುಗ್ಗೆಗೊಂದು ಕಡ್ಡಿ, ತುದಿಯಲ್ಲಿ ಪುಟ್ಟ ಬ್ಯಾಟರಿ ದೀಪ ಎಲ್ಲ ಇದ್ದವು. ಈರುಳ್ಳಿ ಮಾತ್ರ ಅದರಿಂದ ಹೆಚ್ಚಲು ಬರುತ್ತಿರಲಿಲ್ಲ. ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟ್ರೂ ಹಾಗೆಯೇ. ಗಂಟೆಯ ಹಗ್ಗ ಕಡಿದರೆ ಅವರು, ಹೆಡ್ಮಾಸ್ಟರ ಮನೆಗೆ ಸೌದೆ ಒಡೆಸಬೇಕಾದರೆ ಅವರು, ಹಾವು ಹೊಕ್ಕರೆ ಅವರು, ಶಾರದಾ ಪೂಜೆಗೆ ಪುಳಿಯೋಗರೆ ಕಲಸುವವರೂ ಅವರು. ನಾನು ಅಲ್ಲಿದ್ದಷ್ಟು ಕಾಲ ಅವರು ಡ್ರಿಲ್ ಮಾಡಿಸಿದ್ದನ್ನು ಮಾತ್ರ ಕಂಡವರಿಲ್ಲ. ನನ್ನ ಕಟ್ಟಿನಲ್ಲೂ ಹೀಗೇ ಆಯಿತು. ಕೋಟೆ, ಗೋಪುರ, ಕೆರೆ, ಸಮಾಧಿ ಎಂದು ಸಿಕ್ಕ ಉಪಕಾರಿಗಳನ್ನೆಲ್ಲ ತುಂಬಿಕೊಂಡೆ. ಅವು ತಮ್ಮ ತಮ್ಮ ಉಪಕಾರಕ್ಕೆ ಸಜ್ಜಾಗುವಷ್ಟರಲ್ಲಿ ಇಕ್ಬಾಲ ಸಾದಾ ಬಯಲುಗಳನ್ನು ಪಟಪಟನೆ ಹಾಸಿ ಮೂರು ತಲೆಯ ನಾಯಿಯನ್ನು ನನ್ನ ಮೇಲೆ ಬಿಟ್ಟುಬಿಡುತ್ತಿದ್ದ.

ಸೋತು ಸೋತು ನನ್ನೊಳಗಿನ ಗಣಿತದ ಮೇಷ್ಟ್ರು ಎಚ್ಚರಗೊಂಡ. ಒಂದೊಂದು ಜಮೀನಿಗೂ ಬೆಲೆ ಕಟ್ಟತೊಡಗಿದೆ. ಇದು ಎಷ್ಟು ಬೇಗ ಕೈಗೆ ಹತ್ತುತ್ತದೆ, ಇದರ ಉಪಕಾರ ನಿಜವಾಗಿ ಬೇಕಾಗುವುದು ಯಾವಾಗ, ಇದರ ಜಾಗದಲ್ಲಿ ಸಾದಾ ಬಯಲು ಇದ್ದಿದ್ದರೆ ಗೆಲ್ಲುತ್ತಿದ್ದೆನೇ, ಎಂದು ಹಲ್ಲುಜ್ಜುವಾಗ, ಮುದ್ದೆ ಮುರಿಯುವಾಗ, ಮಕ್ಕಳಿಗೆ ತ್ರಿಕೋನ ಹೇಳಿಕೊಡುವಾಗ ಲೆಕ್ಕ ಹಾಕಿದೆ. ಕೊನೆಗೆ ಹೊಳೆದದ್ದು: ಉಪಕಾರಿಗಳು ಮನೆಗೆ ಬಂದ ನೆಂಟರಂತೆ, ಇಬ್ಬರು ಮೂವರಿದ್ದರೆ ಕೈಗಾಸರೆ, ಹಿಂಡಾಗಿ ಬಂದರೆ ಮನೆಯವರಿಗೇ ಊಟವಿಲ್ಲ. ಕೋಟೆ ಇರಲಿ. ಸಮಾಧಿ ಇರಲೇಬೇಕು. ಕೆರೆ ಬೇಡ. ನನ್ನ ಹೆಂಡತಿ ಮಂಗಳ ಇದನ್ನೆಲ್ಲ ನೋಡಿ, “ನಲವತ್ತಕ್ಕೆ ಹತ್ರ ಬಂದ್ರಿ, ಇನ್ನೂ ಬೊಂಬೆ ಎಲೆ ಆಡ್ತೀರಲ್ರೀ,” ಎಂದಳು. ಅವಳಿಗೆ ಇನ್ನು ಈ ವಿಷಯ ಹೇಳಬಾರದು ಎಂದು ಆಗ ತೀರ್ಮಾನಿಸಿದೆ. ಆ ತೀರ್ಮಾನವೇ ಬಸ್ಸಿನಲ್ಲಿ ನನ್ನ ಬಾಯಿಂದ ತಪ್ಪು ಜಾಗದಲ್ಲಿ ಹೊರಬಿತ್ತು.

ಅವತ್ತು ಶುಕ್ರವಾರ. ಸಹೋದ್ಯೋಗಿಯೊಬ್ಬರ ಮಗಳ ನಿಶ್ಚಿತಾರ್ಥಕ್ಕೆ ನಾನು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೊರಟಿದ್ದೆ. ಯಾವುದೋ ರೇಡಿಯೋದ ಬಿಡಿಭಾಗ ತರಲು ಇಕ್ಬಾಲನೂ ಅದೇ ಬಸ್ಸು ಹತ್ತಿದ. ಸಿಕ್ಕ ಸೀಟು ಇಂಜಿನ್ನಿನ ಪಕ್ಕದ್ದು. ಆ ಇಂಜಿನ್ನು ಬಾನೆಟ್ಟಿನೊಳಗೆ ಹತ್ತು ಕಬ್ಬಿನ ಗಾಣ ಇಟ್ಟುಕೊಂಡಂತೆ ಗರ್ಜಿಸುತ್ತಿತ್ತು. ಸಹಜವಾಗಿಯೇ ನಾವಿಬ್ಬರೂ ಕಿರುಚಿಕೊಂಡು ಮಾತಾಡಿದೆವು.

“ಕೆರೆ ಜಮೀನು ನಂಗೆ ಬೇಡ ಇಕ್ಬಾಲ್, ನೀನೇ ಇಟ್ಕೊ! ಅದ್ರಿಂದ ನಂಗೆ ಏನೇನೂ ಪ್ರಯೋಜನ ಇಲ್ಲ!” ಎಂದೆ.

“ಬದ್ಲಿಗೆ ಏನ್ ಕೊಡ್ಲಿ ಯಾರ್?”

“ಕೋಟೆ ಜಮೀನು ಕೊಡು!”

“ಅರೆ, ಕೋಟೆಗೆ ಕೆರೆ ಒಂದೇ ಸಾಕಾ? ಬಯಲು ಎರಡು ಸೇರ್ಸು!”

“ಆಯ್ತು, ಸೇರ್ಸಿದೆ ತಗೊ!”

“ಮನೇಲಿ ಬಯ್ಯಲ್ವಾ?”

“ಮನೇಲಿ ಹೇಳಿದ್ರೆ ತಾನೆ! ನೀನೂ ಎಲ್ಲೂ ಬಾಯ್ಬಿಡ್ಬೇಡ. ನಾಳೆ ನಿನ್ನ ಅಂಗಡೀಲೇ ಕೂತು ಮುಗಿಸಿಬಿಡೋಣ!”

ಹಿಂದಿನ ಸೀಟಿನಲ್ಲಿ ನಮ್ಮೂರಿನ ಜವರಪ್ಪ ಕೂತಿದ್ದ. ನಮ್ಮೂರು ತೊಣ್ಣೂರಿನ ಆಚೆಗಿದೆ. ಅಲ್ಲಿ ನಮ್ಮ ತಂದೆ ಬಿಟ್ಟುಹೋದ ಜಮೀನನ್ನು ನನ್ನ ಅಣ್ಣ ನಿಂಗೇಗೌಡ ನೋಡಿಕೊಳ್ಳುತ್ತಿದ್ದ. ಪಾಲಾಗಿರಲಿಲ್ಲ. ಒಂದಷ್ಟು ಬಯಲು, ಒಂದಷ್ಟು ಕೆರೆಯ ಪಕ್ಕದ ಗದ್ದೆ. ಆ ಗದ್ದೆಯ ಮೂಲೆಯಲ್ಲೇ ನಮ್ಮ ತಂದೆಯ ಸಮಾಧಿ. ಇನ್ನು ಇಕ್ಬಾಲನ ಮನೆ ಕೋಟೆಯೊಳಗಿದೆ ಎನ್ನುವುದು ಜವರಪ್ಪನಿಗೆ ಚೆನ್ನಾಗಿ ಗೊತ್ತು. ಅವನ ಗೋಡೆ ಗಡಿಯಾರ ರಿಪೇರಿಯಾದದ್ದು ಅಲ್ಲಿಯೇ. ಇಷ್ಟನ್ನು ಕೂಡಿಸಲು ಗಣಿತದ ಮೇಷ್ಟ್ರೇನೂ ಬೇಕಾಗಿರಲಿಲ್ಲ. ಜವರಪ್ಪ ಪಾಂಡವಪುರದಲ್ಲಿ ಇಳಿಯುವಾಗ ನನ್ನನ್ನು ನೋಡಿ ಒಂದು ಥರಾ ನಕ್ಕ. ನಾನೂ ನಕ್ಕೆ.

ಭಾನುವಾರ ಬೆಳಿಗ್ಗೆ ದೋಸೆಯ ವಾಸನೆಗೆ ಎದ್ದು ಮುಖ ತೊಳೆಯುತ್ತಿದ್ದಾಗ ಬಾಗಿಲಲ್ಲಿ ಅಣ್ಣ ನಿಂತಿದ್ದ. ಹಿಂದೆ ಜವರಪ್ಪ. ಅಣ್ಣ ನಮ್ಮ ಮನೆಗೆ ಬರುವುದೆಂದರೆ ಒಂದು ಹೆಗಲಿಗೆ ಅಕ್ಕಿಯ ಚೀಲ, ಇನ್ನೊಂದು ಕೈಯಲ್ಲಿ ಬೆಲ್ಲವೋ ಅವರೆಕಾಯಿಯೋ. ಅವತ್ತು ಬರಿಗೈ. ಕೂತುಕೋ ಎಂದರೆ ಮಂಚದ ತುದಿಯಲ್ಲಿ, ಬಸ್ಸಿಗೆ ಕಾಯುವವನ ಹಾಗೆ ಕೂತ. ಮಂಗಳ ನೀರು ತಂದಿಟ್ಟಳು. ಅಣ್ಣ ಮುಟ್ಟಲಿಲ್ಲ. ತಮ್ಮನ ಮನೆಯಲ್ಲಿ ನೀರು ಮುಟ್ಟದೆ ಕೂತ ಅಣ್ಣನನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಂಗಳ ನನ್ನ ಮುಖವನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

“ಕೆರೆ ಜಮೀನು ಕೊಟ್ಬುಟ್ಯಂತೆ,” ಎಂದ ಅಣ್ಣ, ನೆಲ ನೋಡುತ್ತ.

ಎಲೆಯಾಟದ ಸುದ್ದಿ ಊರಿನ ತನಕ ಹೋಗಿದೆ. ಮಂಗಳ ಯಾರ ಕೈಯಲ್ಲೋ ದೂರು ಕಳಿಸಿದ್ದಾಳೆ ಎಂದೇ ತಿಳಿದೆ. ಅಣ್ಣನೆದುರು ಸುಳ್ಳು ಹೇಳುವ ಧೈರ್ಯ ನನಗೆಂದೂ ಇರಲಿಲ್ಲ.

“ಹೌದಣ್ಣ, ಕೊಟ್ಟೆ,” ಎಂದೆ.

“ಆ ಸಾಬ್ರಿಗಾ?”

“ಹೂಂ, ಇಕ್ಬಾಲನಿಗೆ.”

“ಬಯಲೂ ಕೊಟ್ಯಾ?”

“ಎರಡೇ ಅಣ್ಣ. ಬಯಲು ನನ್ನತ್ರ ಬೇಕಾದಷ್ಟು ಇದಾವೆ.”

“ಕೇಳುಸ್ಕಂಡ್ರಾ ಗೌಡ್ರೆ? ನಾನೇನ್ ಸುಳ್ಳೇಳಿದ್ನಾ?” ಎಂದು ಜವರಪ್ಪ ಹಿಂದಿನಿಂದ ಹೇಳಿದ.

ಅಣ್ಣ ಅವನಿಗೆ ಕೈಸನ್ನೆ ಮಾಡಿ ಸುಮ್ಮನಿರಿಸಿ, “ನನ್ನೊಂದ್ ಮಾತು ಕೇಳ್ಬಾರ್ದಿತ್ತೇನ್ಲಾ ಚಂದ್ರ?” ಎಂದ. ದನಿ ಒಡೆದಿತ್ತು.

ಇಷ್ಟು ಸಣ್ಣ ವಿಷಯಕ್ಕೆ ಇವನೇಕೆ ಹೀಗಾದ ಎಂದು ನನಗೆ ಅಚ್ಚರಿ. ಸಮಾಧಾನ ಮಾಡಲೆಂದು ನಕ್ಕೆ. “ನಿನ್ನನ್ನ ಕೇಳಿದ್ರೆ ನಿಂಗೇನಣ್ಣ ಗೊತ್ತಾಗುತ್ತೆ ಅದರ ವಿಷ್ಯ?”

ಮೂವತ್ತು ವರ್ಷ ಆ ಗದ್ದೆಯ ಕೆಸರಿನಲ್ಲಿ ನಿಂತವನಿಗೆ ನಾನು ಆಡಿದ ಮಾತು ಇದು. ಅವನು ನನ್ನನ್ನು ದಿಟ್ಟಿಸಿ ನೋಡಿದ. “ಆಯ್ತಪ್ಪ. ಓದ್ದೋನು ನೀನು. ಏನ್ ಕೊರೆ ಕಂಡೆ ಅದ್ರಲ್ಲಿ, ಅದನ್ನಾದ್ರೂ ಏಳು.”

ಕೆರೆ ಜಮೀನಿನ ಕೊರತೆ ಏನೆಂದು ಯಾರಾದರೂ ಕೇಳಲಿ ಎಂದು ನಾನು ವಾರದಿಂದ ಕಾಯುತ್ತಿದ್ದೆ. ಉತ್ಸಾಹದಿಂದ ಶುರುಮಾಡಿದೆ. “ಅದು ಬಹಳ ನಿಧಾನ ಅಣ್ಣ. ಇಟ್ಟ ತಕ್ಷಣ ಏನೂ ಕೊಡಲ್ಲ. ಕಾಯ್ತಾ ಕೂತ್ಕೋಬೇಕು. ಅಷ್ಟರಲ್ಲಿ ನಾಯಿ ಬಂದು ತಿಂದುಹಾಕುತ್ತೆ.”

“ನಾಯಿನಾ?”

“ಮೂರು ತಲೆ ನಾಯಿ.”

ಅಣ್ಣ ಜವರಪ್ಪನ ಕಡೆ ನೋಡಿದ. ಜವರಪ್ಪ ಒಂದು ಹೆಜ್ಜೆ ಬಾಗಿಲ ಕಡೆ ಸರಿದ. ಅಣ್ಣನ ದನಿ ಈಗ ಕಾಯಿಲೆಯವರ ಜೊತೆ ಮಾತಾಡುವಷ್ಟು ಮೆತ್ತಗಾಯಿತು. “ಓಗ್ಲಿ ಬುಡು. ಸಮಾಧಿ ಐತಲ್ಲಪ್ಪ, ಅದ್ರ ಗತಿ ಏನು? ಅದ್ನೂ ಕೊಟ್ಬುಟ್ಯಾ?”

“ಸಮಾಧೀನ ಕೊಡ್ತೀನಾ! ಅದನ್ನ ಮಾತ್ರ ಯಾರು ಕೇಳಿದ್ರೂ ಕೊಡಲ್ಲ. ಸತ್ತೋರನ್ನ ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚೋಕೆ ನಂಗಿರೋದು ಅದೊಂದೇ.”

ಅಣ್ಣ ಎದ್ದು ನಿಂತುಬಿಟ್ಟ. “ಅಪ್ಪನ್ನ ಎಬ್ಬಿಸಿ ಕೆಲಸಕ್ಕೆ ಹಚ್ಚೀಯೇನ್ಲಾ ನೀನು?”

ಆಗ ನನ್ನ ತಲೆಯೊಳಗೆ ಬಸ್ಸಿನ ಇಂಜಿನ್ನು ನಿಂತು ಒಮ್ಮೆಲೇ ಸ್ತಬ್ಧವಾದ ಹಾಗಾಯಿತು. ಕೆರೆ, ಬಯಲು, ಸಮಾಧಿ, ಇಕ್ಬಾಲ, ಕೋಟೆ, ಜವರಪ್ಪನ ನಗು, ಎಲ್ಲ ಒಂದರ ಹಿಂದೊಂದು ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಏನು ಹೇಳಿದರೂ ಕಟ್ಟುಕತೆಯಂತೆ ಕೇಳಿಸುತ್ತಿತ್ತು. ಒಳಗೋಡಿ ಬೀರುವಿನ ಮೇಲಿದ್ದ ಕಟ್ಟನ್ನು ತಂದು ಮಂಚದ ಮೇಲೆ ಸುರಿದೆ. “ಇದಣ್ಣ! ಇದೇ ಜಮೀನು! ಎಲೆ ಆಟದ್ದು! ಇಕ್ಬಾಲನಿಗೆ ಕೊಟ್ಟಿದ್ದು ಇಂಥದೊಂದು ಚಿತ್ರ ಅಣ್ಣ, ನಮ್ಮ ಗದ್ದೆ ಅಲ್ಲ. ಅಪ್ಪನ ಆಣೆ!”

ಅಣ್ಣ ಒಂದು ಎಲೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಬಯಲಿನ ಚಿತ್ರ. ತಿರುಗಿಸಿ ಹಿಂಬದಿ ನೋಡಿದ. ಇನ್ನೊಂದು ಎತ್ತಿಕೊಂಡ. ಅವನು ಇನ್ನೂ ನಂಬಿರಲಿಲ್ಲ ಎನ್ನುವುದು ಅವನ ಹುಬ್ಬಿನಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ನನ್ನ ಪುಣ್ಯಕ್ಕೆ ಇಕ್ಬಾಲನೇ ಬಾಗಿಲಿಗೆ ಬಂದ. ಭಾನುವಾರವಲ್ಲವೇ, ಅವನ ಕಟ್ಟು ಅವನ ಕೈಯಲ್ಲೇ ಇತ್ತು. “ಸಲಾಂ ಗೌಡ್ರೆ! ಯಾವಾಗ ಬಂದ್ರಿ? ಚಂದ್ರು, ಆ ಕೆರೆ ಜಮೀನು ವಾಪಸ್ ತಗೋ ಯಾರ್. ನೆನ್ನೆ ತಂಗಿ ಮಗನ ಜೊತೆ ಆಡಿ ನೋಡ್ದೆ, ನಂಗೂ ಅದು ಬೇಡ!” ಎನ್ನುತ್ತ ಕೆರೆಯ ಚಿತ್ರದ ಎಲೆಯನ್ನು ಅಣ್ಣನ ಎದುರಿಗೇ ಮಂಚದ ಮೇಲೆ ಇಟ್ಟ.

ಅಣ್ಣ ಆ ಎಲೆಯನ್ನು ನೋಡಿದ. ನನ್ನನ್ನು ನೋಡಿದ. ಮಂಚದ ಮೇಲೆ ಪೂರ್ತಿ ಹಿಂದಕ್ಕೆ ಸರಿದು ಗೋಡೆಗೆ ಒರಗಿದ. ನಗುತ್ತಾನೋ ಅಳುತ್ತಾನೋ ಎಂದು ಮೂವರೂ ನೋಡುತ್ತಿದ್ದೆವು. ಅವನು ಎರಡನ್ನೂ ಮಾಡಲಿಲ್ಲ. ಪಕ್ಕದಲ್ಲಿದ್ದ ಚೊಂಬು ಎತ್ತಿ ಗಟಗಟನೆ ಕುಡಿದು, ಟವೆಲಿನಿಂದ ಮೀಸೆ ಒರೆಸಿಕೊಂಡು, “ಮಂಗ್ಳಾ, ಇನ್ನೊಂದ್ ಚೊಂಬು ತತ್ತಾರವ್ವ,” ಎಂದ.

ಜವರಪ್ಪನೊಬ್ಬನಿಗೆ ಮಾತ್ರ ನಿರಾಸೆ. ಎಲೆಗಳನ್ನು ಒಂದೊಂದಾಗಿ ತಿರುವಿ ಹಾಕಿ, “ಅಲ್ಲ ಮೇಷ್ಟ್ರೇ, ಈ ಜಮೀನ್ಗೆಲ್ಲ ಪಾಣಿ ಪತ್ರ ಐತಾ?” ಎಂದು ಕೇಳಿದ. ಇಲ್ಲ ಎಂದೆ. “ನಾಲೆ ನೀರಾದ್ರೂ ಬತ್ತದಾ?” ಎಂದ. ಅದೂ ಇಲ್ಲ ಎಂದೆ. “ಅಂಗಾದ್ರೆ ಯಾತಕ್ಕೆ ಅಷ್ಟು ಜೋರಾಗಿ ಕೂಗಾಡಿದ್ರಿ?” ಎಂದ.

ದೋಸೆ ತಿಂದಮೇಲೆ ಜವರಪ್ಪನನ್ನು ಇಕ್ಬಾಲ ಅಂಗಡಿ ತೋರಿಸುತ್ತೇನೆಂದು ಕರೆದುಕೊಂಡು ಹೋದ. ನಾನೂ ಅಣ್ಣನೂ ಜಗಲಿಯ ಮೇಲೆ ಕೂತೆವು. ಅವನು ಬೀದಿ ನೋಡುತ್ತ, “ಅಬ್ಬಕ್ಕೆ ಊರ್ಗೆ ಬತ್ತೀಯಲ್ಲ ನೀನು, ಊಟ ಆದ್ಮೇಲೆ ಗದ್ದೆ ಕಡೀಕೆ ಓಗ್ಬರ್ತೀನಿ ಅಂತೀಯಲ್ಲ, ಆವಾಗೆಲ್ಲ ನಂಗೆ ಎದೆ ಒಡ್ಕಂತದೆ ಕಣ್ಲಾ. ಇವತ್ತು ಪಾಲು ಕೇಳ್ತಾನೆ, ಇವತ್ತು ಕೇಳ್ತಾನೆ ಅಂತ,” ಎಂದ.

ನನಗೆ ನಂಬಲಾಗಲಿಲ್ಲ. ನಾನು ಗದ್ದೆ ಕಡೆ ಹೋಗುತ್ತಿದ್ದುದು ಅತ್ತಿಗೆಯ ಒಬ್ಬಟ್ಟು ಅರಗಲಿ ಎಂದು. ಹೋಗಿ ಬದುವಿನ ಮೇಲೆ ನಿಂತು ಸುತ್ತ ನೋಡುತ್ತಿದ್ದುದು ನಿಜ. ಅಳೆಯುತ್ತಿದ್ದಾನೆ ಎಂದು ಇವನು ತಿಳಿದುಕೊಂಡಿದ್ದಾನೆ!

“ನಾನು ಯಾವತ್ತಾದ್ರೂ ಕೇಳಿದ್ನಾ ಅಣ್ಣ?”

“ಕೇಳ್ದೆ ಇದ್ದೀಯಲ್ಲ, ಅದೇ ಭಯ. ಕೇಳ್ಬುಟ್ಟಿದ್ರೆ ಕೊಟ್ಬುಟ್ಟು ಸುಮ್ಕಾಯ್ತಿದ್ದೆ. ನಿನ್ ಪಾಲು ನಿಂಗಲ್ದೆ ಇನ್ಯಾರ್ಗೆ? ಆದ್ರೆ ಆ ಕೆರೆ ಗದ್ದೆ ಕೇಳಿದ್ರೆ ಏನ್ಲಾ ಮಾಡ್ಲಿ ಅಂತಿತ್ತು. ಅದುನ್ ಬುಟ್ಟು ಇರಾಕಾಗಕ್ಕಿಲ್ಲ ನನ್ ಕೈಲಿ.”

ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವನು. ಮೊದಲ ಸಲ ನನ್ನನ್ನು ಸ್ಕೂಲಿಗೆ ಹೆಗಲ ಮೇಲೆ ಕೂರಿಸಿಕೊಂಡು ಹೋದವನು. ಅವನ ಕಣ್ಣಿನಲ್ಲಿ ನಾನು ಇಷ್ಟು ವರ್ಷ ಜಪ್ತಿಗೆ ಬಂದ ಅಮೀನನಂತೆ ಕಾಣುತ್ತಿದ್ದೆನಲ್ಲ ಎಂದು ಸಂಕಟವೂ ಆಯಿತು, ನಗುವೂ ಬಂತು. “ಆ ಗದ್ದೆ ನಿಂದೇ ಅಣ್ಣ. ಅದರಲ್ಲಿ ನಂಗೆ ಬೇಕಾಗಿರೋದು ಅಪ್ಪನ ಸಮಾಧಿಗೆ ಹೂವಿಡೋಕೆ ನಾಲ್ಕಡಿ ದಾರಿ. ಮಿಕ್ಕಿದ್ದು ಯಾವತ್ತಾದ್ರೂ ಬೇಕು ಅನ್ನಿಸಿದ್ರೆ ಮೊದಲು ನಿನ್ನ ಮುಂದೇನೇ ಬಾಯ್ಬಿಡ್ತೀನಿ. ಬಸ್ಸಿನಲ್ಲಿ ಬಿಡಲ್ಲ,” ಎಂದೆ.

ಅವನು ಆಗ ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. “ಮೂರ್ ತಲೆ ನಾಯಿ ಅಂದ್ಯಲ್ಲ, ಆವಾಗ ನಿಂಗೆ ತಲೆ ಕೆಟ್ಟದೆ, ಆಸ್ಪತ್ರೆಗೆ ಸೇರ್ಸೋಣ ಅಂತ್ಲೇ ಅನ್ಕಂಡೆ ಕಣ್ಲಾ,” ಎಂದು ನನ್ನ ಬೆನ್ನಿಗೊಂದು ಗುದ್ದಿದ. ಆ ಗುದ್ದಿನ ನೋವು ಎರಡು ದಿನ ಇತ್ತು. ಅಷ್ಟು ಸುಖವಾದ ನೋವನ್ನು ನಾನು ಮತ್ತೆ ಅನುಭವಿಸಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಊಟವಾದ ಮೇಲೆ ಅವನೇ ಚಪ್ಪಲಿ ಮೆಟ್ಟಿಕೊಂಡು, “ನಡಿ, ಗದ್ದೆ ಕಡೀಕೆ ಓಗ್ಬರಾಣ,” ಎಂದ. ಆಮೇಲೆ ಎಷ್ಟೋ ವರ್ಷ ಅವನು ಹಾಗೆ ಕರೆಯುವುದು ತಪ್ಪಲಿಲ್ಲ.

ಸುದ್ದಿಯನ್ನು ಮಾತ್ರ ಹಿಂದಕ್ಕೆ ಕರೆಯಲಾಗಲಿಲ್ಲ. ಜವರಪ್ಪ ಶನಿವಾರ ಒಂದೇ ದಿನದಲ್ಲಿ ತನ್ನ ಕೈಲಾದಷ್ಟು ಊರು ಮುಟ್ಟಿದ್ದ. ಪಾಂಡವಪುರದಲ್ಲಿ ನಾನು ಕೆರೆ ಗದ್ದೆಯನ್ನು ಬದಲಾಯಿಸಿಕೊಂಡಿದ್ದೆ, ಕೆ.ಆರ್. ಪೇಟೆಗೆ ಹೋಗುವ ಹೊತ್ತಿಗೆ ಇಡೀ ಆಸ್ತಿಯನ್ನೇ ಕೊಟ್ಟಿದ್ದೆ. ನಾಗಮಂಗಲ ಮುಟ್ಟುವಷ್ಟರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಅರ್ಧ ಭಾಗ ನನ್ನ ಹೆಸರಿಗಾಗಿತ್ತು. ಅದೆಲ್ಲ ಇಸ್ಪೀಟಿನಂಥ ಎಲೆಯಾಟದ ವಿಷಯವಂತೆ ಎಂಬ ತಿದ್ದುಪಡಿಯೂ ಹಿಂದೆಯೇ ಹೋಯಿತು. ಆದರೆ ಅದು ತಲುಪಿದ್ದು, ಮೇಷ್ಟ್ರು ಜಮೀನನ್ನು ಇಸ್ಪೀಟಿನಲ್ಲಿ ಗೆದ್ದರಂತೆ ಎಂದು. ನಾಗಮಂಗಲದಲ್ಲಿರುವ ಮಂಗಳನ ಸೋದರಮಾವ ಹಣ್ಣು ಹೂವು ಹಿಡಿದುಕೊಂಡು ಬಂದು, ಕೋಟೆಯೊಳಗೆ ಒಂದು ಸೈಟು ತನಗೂ ನೋಡಬೇಕೆಂದು ಕೇಳಿದರು. ಹಣ್ಣು ಬಹಳ ಚೆನ್ನಾಗಿತ್ತು.

ಅಣ್ಣ ಊರಿಗೆ ಹೊರಟ ಮೇಲೆ, ಆ ಭಾನುವಾರ ಸಂಜೆ ನನ್ನ ಮನಸ್ಸು ಹತ್ತಿಯಂತೆ ಹಗುರಾಗಿತ್ತು. ಹೂವು ಕಟ್ಟುತ್ತ ಕೂತಿದ್ದ ಮಂಗಳನ ಹತ್ತಿರ ಹೋಗಿ, “ಬೆಳಿಗ್ಗೆ ಅಣ್ಣ ಬಾಂಬು ಹಾಕಿದ ಹಾಗೆ ಜಮೀನು ಕೊಟ್ಟೆಯಂತೆ ಅಂದಾಗ ನೀನು ಒಳಗೆ ಸುಮ್ಮನೆ ದೋಸೆ ಹುಯ್ತಾ ಇದ್ಯಲ್ಲ. ಒಂದು ಗಳಿಗೆಯಾದ್ರೂ ನಾನು ಕೊಟ್ಟುಬಿಟ್ಟೆ ಅನ್ನಿಸ್ಲಿಲ್ವಾ?” ಎಂದೆ.

“ಇಲ್ಲಪ್ಪ,” ಎಂದಳು.

ನನ್ನ ಎದೆ ತುಂಬಿ ಬಂತು. ಒಡಹುಟ್ಟಿದವನೇ ಅನುಮಾನಪಟ್ಟ, ಊರಿಗೆ ಊರೇ ನಂಬಿತು, ಇವಳೊಬ್ಬಳು ಅಲುಗಲಿಲ್ಲ. ಗಂಡನ ಪ್ರಾಮಾಣಿಕತೆಯ ಮೇಲೆ ಇಷ್ಟು ವಿಶ್ವಾಸ! ಈ ಮಾತನ್ನು ಅವಳಿಗೂ ಸ್ವಲ್ಪ ಅಲಂಕಾರ ಸೇರಿಸಿಯೇ ಹೇಳಿದೆ.

ಮಂಗಳ ದಾರವನ್ನು ಹಲ್ಲಿನಿಂದ ಕಡಿದು, “ವಿಶ್ವಾಸ ಏನು ಬಂತು ಇದರಲ್ಲಿ? ಜಮೀನು ಕೊಡಬೇಕಾದ್ರೆ ಆಫೀಸಿಗೆ ಅಲೀಬೇಕು, ಸಾಕ್ಷಿ ಹಿಡೀಬೇಕು, ಹತ್ತು ಕಡೆ ರುಜು ಹಾಕಬೇಕು. ಒಂದು ಗ್ಯಾಸ್ ಸಿಲಿಂಡರ್ ಬರೆಸೋಕೆ ಹೋಗಿ ಮೂರು ಸಲ ಬರಿಗೈಲಿ ವಾಪಸ್ ಬಂದೋರು ನೀವು. ನಿಮ್ಮ ಕೈಲಿ ಅದೆಲ್ಲ ಆಗುತ್ತೇನ್ರೀ?” ಎಂದು ಎದ್ದು ಒಳಗೆ ಹೋದಳು.